ನೆಲದಡಿಯ ದೊಡ್ಡಮ್ಮ

ತಗಡಿನವರ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದವರಲ್ಲ. ಅಪ್ಪ, ಮಗ ಇಬ್ಬರೂ ಹಿತ್ತಿಲಿನ ಷೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತಗಡು ಬಡಿಯುವವರು. ಹೊಗೆಕೊಳವೆ, ಬಕೆಟ್ಟು, ಲಾಳಿಕೆ, ಸೂರಿನ ನೀರು ಹರಿದುಹೋಗುವ ದೋಣಿ, ಚಿಲಕವಿರುವ ಕಸದ ಡಬ್ಬ, ಹೀಗೆ ಬೀದಿಗೆಲ್ಲ ಬೇಕಾದದ್ದು ಅಲ್ಲಿ ತಯಾರಾಗುತ್ತಿತ್ತು. ಸುತ್ತಿಗೆಯ ಸದ್ದಿನ ನಡುವೆ ಒಬ್ಬರಿಗೊಬ್ಬರು ಕೂಗಿ ಹೇಳಿ ಅಭ್ಯಾಸವಾದವರು, ಕೈಕಾಲು ತೊಳೆದು ಊಟಕ್ಕೆ ಕೂತಾಗಲೂ ಹಾಗೇ ಕೂಗುತ್ತಿದ್ದರು. "ಉಪ್ಪು" ಎಂದರೆ ಮೂರನೇ ಮನೆಗೆ ಕೇಳಿಸುವ ಹಾಗೆ. ಮನೆಯಾಕೆಗೆ ಕಿವಿ ಮಂದ. ಹಾಗಾಗಿ ಅವಳಿಗೆ ಏನಾದರೂ ಹೇಳಬೇಕಾದರೆ ಇವರ ದನಿ ಇನ್ನೂ ಒಂದು ಮೆಟ್ಟಿಲು ಮೇಲೇರುತ್ತಿತ್ತು. ಅವಳೋ ತನ್ನ ದನಿ ತನಗೇ ಕೇಳಿಸದೆ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದಳು.

ಇಂಥ ಮನೆಗೆ ಸೊಸೆಯಾಗಿ ಬಂದವಳು ಗಡಿಯಾರ ರಿಪೇರಿಯವರ ಮಗಳು. ಅವಳ ತವರಿನಲ್ಲಿ ಕೂದಲೆಳೆಯಂಥ ಸ್ಪ್ರಿಂಗುಗಳು, ಎಳ್ಳಿಗಿಂತ ಸಣ್ಣ ತಿರುಪುಗಳು ಸದಾ ಮೇಜಿನ ಮೇಲೆ ಹರಡಿಕೊಂಡಿರುತ್ತಿದ್ದವು. ಯಾರಾದರೂ ಗಟ್ಟಿಯಾಗಿ ನಕ್ಕರೂ ಅಪ್ಪ ಎರಡೂ ಕೈಯನ್ನು ಅವುಗಳ ಮೇಲೆ ಮುಚ್ಚಿ ಹಿಡಿಯುತ್ತಿದ್ದರು. ಅಂಥಲ್ಲಿ ಬೆಳೆದ ಹುಡುಗಿಯ ದನಿ ಎಷ್ಟಿರುತ್ತದೆ? ಮದುವೆಯಾಗಿ ಬಂದ ವಾರದಲ್ಲೇ ಮಾವ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು. ಕೊನೆಗೆ ಗಂಡನೂ ಹಾಗೇ ಕರೆಯತೊಡಗಿದ.

ಗುಬ್ಬಿ ಒಂದು ಅಂಗಡಿಯವರಿಗೆ ಮನೆಯಲ್ಲೇ ಕೂತು ಬಟ್ಟೆ ಹೊಲಿದು ಕೊಡುತ್ತಿದ್ದಳು. ಕೆಲಸದಲ್ಲಿ ಚುರುಕು, ಮುಖದಲ್ಲಿ ನಗು. ತೊಡಕು ಒಂದೇ. ಅವಳು ಎಷ್ಟು ಗಂಟಲು ಹರಿದುಕೊಂಡರೂ ಅತ್ತೆಗೆ ಒಂದು ಮಾತೂ ತಲುಪುತ್ತಿರಲಿಲ್ಲ. "ಅತ್ತೆ, ಚಹಾ ಕೊಡ್ಲಾ?" ಎಂದು ಕೇಳಿದರೆ ಅತ್ತೆ ಕಿಟಕಿಯತ್ತ ನೋಡುತ್ತಾ ಕೂತಿರುತ್ತಿದ್ದಳು. ಎರಡು ಸಲ ಕೇಳಿ, ಮೂರನೇ ಸಲ ಕೇಳಲು ನಾಚಿಕೆಯಾಗಿ ಗುಬ್ಬಿ ಸುಮ್ಮನೆ ಲೋಟ ತಂದಿಡುತ್ತಿದ್ದಳು. ಕೆಲವೇ ದಿನಗಳಲ್ಲಿ ಅತ್ತೆ ಮಗನ ಹತ್ತಿರ, ಗುಟ್ಟಾಗಿ ಹೇಳುತ್ತಿದ್ದೇನೆ ಎಂದುಕೊಂಡು, ಇಡೀ ಮನೆಗೆ ಕೇಳಿಸುವಂತೆ ಹೇಳಿದಳು: "ನಿನ್ನ ಹೆಂಡ್ತಿಗೆ ಜಂಬ ಕಣೋ. ನನ್ನ ಹತ್ರ ಒಂದು ಮಾತೂ ಆಡಲ್ಲ. ಲೋಟ ಇಟ್ಟು ಹೋಗ್ತಾಳೆ, ಹೋಟೆಲ್ ಮಾಣಿ ಥರ."

ಅಡುಗೆಮನೆಯಲ್ಲಿದ್ದ ಗುಬ್ಬಿಗೆ ಪಾತಾಳಕ್ಕೆ ಇಳಿದುಹೋದ ಹಾಗಾಯಿತು. ಹೋಗಿ ಹಾಗಲ್ಲ ಎಂದು ಹೇಳೋಣವೆಂದರೆ, ಹೇಳಿದ್ದು ಕೇಳಿಸಬೇಕಲ್ಲ.

ಆ ಊರಿನ ಕೊನೆಯ ಬೀದಿಗಳು ಗುಡ್ಡಕ್ಕೆ ಒರಗಿಕೊಂಡಂತಿದ್ದವು. ಕಾಡಿಗೂ ಹಿತ್ತಿಲಿಗೂ ನಡುವೆ ಒಂದು ಕುಳ್ಳು ಗೋಡೆ, ಅಷ್ಟೆ. ಎಲೆ ಉದುರುವ ಕಾಲ ಬಂತೆಂದರೆ ಕರಡಿಗಳು ಇಳಿದು ಬರುತ್ತಿದ್ದವು. ಕ್ಷೌರದಂಗಡಿಯವರ ಸೇಬಿನ ಮರ ಅವಕ್ಕೆ ಗೊತ್ತು, ಬೇಕರಿಯ ಹಿಂದಿನ ಕಸದ ತೊಟ್ಟಿ ಗೊತ್ತು. ಬೀದಿಯವರಿಗೂ ಅವು ಗೊತ್ತು. ಬೆನ್ನು ತೋರಿಸಿ ಓಡಬಾರದು, ತಾಯಿ ಮತ್ತು ಮರಿಯ ನಡುವೆ ಹೋಗಿ ಸಿಕ್ಕಿಕೊಳ್ಳಬಾರದು, ಕಸದ ಡಬ್ಬಕ್ಕೆ ಚಿಲಕ ಹಾಕದೆ ಮಲಗಬಾರದು ಎನ್ನುವುದನ್ನು ಮಕ್ಕಳು ನಡೆಯಲು ಕಲಿಯುವಾಗಲೇ ಕಲಿಯುತ್ತಿದ್ದರು. ಬರುವ ಕರಡಿಗಳಲ್ಲಿ ದೊಡ್ಡದೊಂದಿತ್ತು. ಎದೆಯ ಮೇಲೆ ಹಾಲು ಚೆಲ್ಲಿಕೊಂಡಂಥ ಮಚ್ಚೆ. ಅವಸರ ಎನ್ನುವುದು ಅದರ ಜಾಯಮಾನದಲ್ಲೇ ಇರಲಿಲ್ಲ. ಒಗೆದ ಬಟ್ಟೆಯ ಹಗ್ಗವನ್ನು ಕಿತ್ತುಕೊಂಡು ಹೋಗಿ, ಯಾರದೋ ಬೆಡ್‌ಶೀಟನ್ನು ಹೆಗಲ ಮೇಲೆ ಹೊದ್ದುಕೊಂಡು ಬೀದಿಯುದ್ದಕ್ಕೂ ನಡೆದದ್ದನ್ನು ನೋಡಿದ ಮೇಲೆ ಎಲ್ಲರೂ ಅದನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡಮ್ಮ ಹೆಚ್ಚು ಹೊತ್ತು ಕೂತಳೆಂದರೆ ಮಾವ ಷೆಡ್ಡಿನಿಂದ ಒಂದು ತಗಡು ತಂದು ಬಡಿಯುತ್ತಿದ್ದರು. ಅವಳು ಎದ್ದು, ಬೇಸರವಾಯಿತೆನ್ನುವ ಹಾಗೆ ಒಮ್ಮೆ ತಿರುಗಿ ನೋಡಿ, ಗೋಡೆ ದಾಟಿ ಹೋಗುತ್ತಿದ್ದಳು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಮಾವ ಯಾರದೋ ಮನೆಯ ಸೂರಿಗೆ ದೋಣಿ ಕೂರಿಸುವಾಗ ಏಣಿಯಿಂದ ಜಾರಿ ಬಿದ್ದು ಭುಜ ಉಳುಕಿಸಿಕೊಂಡರು. ವೈದ್ಯರು ಸುತ್ತಿಗೆ ಮುಟ್ಟಬಾರದೆಂದರು. ಮಗ ಒಬ್ಬನೇ ಊರ ಆ ಕಡೆಯ ಶಾಲೆಯೊಂದಕ್ಕೆ ದೋಣಿ ಹಾಕುವ ಕೆಲಸಕ್ಕೆ ಹೋಗಿಬರುತ್ತಿದ್ದ. ಷೆಡ್ಡಿಗೆ ಬೀಗ ಬಿತ್ತು. ಹಿತ್ತಿಲು ಎಷ್ಟೋ ವರ್ಷಗಳ ಮೇಲೆ ಸದ್ದಿಲ್ಲದೆ ಬಿದ್ದುಕೊಂಡಿತು.

ಮನೆಯದು ಮರದ ಹಲಗೆಯ ನೆಲ. ಮಣ್ಣಿಗೂ ಹಲಗೆಗೂ ನಡುವೆ ಮೊಳಕಾಲೂರಿ ನುಸುಳುವಷ್ಟು ಟೊಳ್ಳು ಜಾಗ. ನೀರಿನ ಪೈಪು ಅಲ್ಲೇ ಹಾದುಹೋಗುತ್ತಿತ್ತು. ಚಳಿಗೆ ಹೆಪ್ಪುಗಟ್ಟದಿರಲೆಂದು ಪ್ರತಿ ವರ್ಷ ಅದಕ್ಕೆ ಗೋಣಿತಟ್ಟು ಸುತ್ತಬೇಕು. ಒಂದು ಭಾನುವಾರ ಗಂಡ ಟಾರ್ಚು ಹಿಡಿದು, ಹಿತ್ತಿಲ ಕಡೆಯ ಸಣ್ಣ ಬಾಗಿಲಿನಿಂದ ಒಳಗೆ ತೆವಳಿದ. ಗುಬ್ಬಿ ಗೋಣಿತಟ್ಟು ಹಿಡಿದು ಹೊರಗೆ ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಅವನು ಹಿಮ್ಮುಖವಾಗಿ, ಬಟ್ಟೆ ಮಣ್ಣಿಗೆ ಉಜ್ಜುವ ಸದ್ದೂ ಆಗದ ಹಾಗೆ ಹೊರಗೆ ಬಂದ. ಅವಳ ಕೈಹಿಡಿದು ಮೆಟ್ಟಿಲವರೆಗೆ ಎಳೆದುಕೊಂಡು ಹೋಗಿ, ಅವಳ ಕಿವಿಯ ಹತ್ತಿರ ಬಾಗಿದ.

"ಕೆಳಗೆ ದೊಡ್ಡಮ್ಮ ಮಲಗಿದ್ದಾಳೆ," ಎಂದ. "ಕೈ ಚಾಚಿದ್ರೆ ಮುಟ್ತಿದ್ದೆ."

ಗುಬ್ಬಿಗೆ ಆ ಗಳಿಗೆಯಲ್ಲಿ ಮೊದಲು ಹೊಳೆದದ್ದು ಬೇರೆಯೇ. ಗಂಡನ ದನಿ ಇಷ್ಟು ಮೃದುವಾಗಿದೆಯಲ್ಲ, ಇಷ್ಟು ದಿನ ಇದನ್ನು ಎಲ್ಲಿಟ್ಟುಕೊಂಡಿದ್ದರು ಎಂದು ಅವಳಿಗೆ ಅನಿಸಿತು. ಅದನ್ನು ನೆನೆಸಿಕೊಂಡು ಅವಳು ಎಷ್ಟೋ ವರ್ಷ ತನ್ನಷ್ಟಕ್ಕೆ ನಕ್ಕದ್ದುಂಟು.

ಅರಣ್ಯ ಇಲಾಖೆಯವರಿಗೆ ಸುದ್ದಿ ಹೋಯಿತು. ಬಂದವರನ್ನು ಬೀದಿಯವರು ಕರಡಿ ಮೇಷ್ಟ್ರು ಎನ್ನುತ್ತಿದ್ದರು. ಶಾಲೆ ಶಾಲೆಗೆ ಹೋಗಿ ಕರಡಿಗಳ ಬಗ್ಗೆ ಪಾಠ ಹೇಳುತ್ತಿದ್ದ ಮನುಷ್ಯ. ಅವರು ಆ ಬಾಗಿಲಿನಲ್ಲಿ ತಲೆ ಹಾಕಿ, ಒಂದಿಷ್ಟು ಹೊತ್ತು ಹಾಗೇ ಇದ್ದು, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದು ಕೂತರು.

"ಹೋದ ವರ್ಷದ ಮರಿಗಳು ಜೊತೆಗಿಲ್ಲ," ಎಂದರು ಪಿಸುಮಾತಿನಲ್ಲಿ. "ಅಂದ್ರೆ ಈ ಸಲ ಹೊಸ ಮರಿ ಹಾಕೋಕೆ ಜಾಗ ಹುಡುಕಿದ್ದಾಳೆ. ಹಿತ್ತಿಲಲ್ಲಿ ಸದ್ದಿರ್ಲಿಲ್ಲ, ಬಂದುಬಿಟ್ಲು. ಈಗ ಎರಡೇ ದಾರಿ. ಇವತ್ತೇ ಎಬ್ಬಿಸಿ ಓಡಿಸಬಹುದು. ಇಲ್ಲಾಂದ್ರೆ ಚಳಿ ಮುಗಿಯೋವರ್ಗೂ ಬಿಟ್ಟುಬಿಡಬೇಕು. ಬಿಟ್ರೆ ನೀವು ಗಲಾಟೆ ಮಾಡೋ ಹಾಗಿಲ್ಲ. ಕರಡಿ ನಿದ್ದೆ ಕುಂಭಕರ್ಣನ ನಿದ್ದೆ ಅಲ್ಲ, ಎಚ್ಚರ ಆಗುತ್ತೆ. ಮರಿ ಹಾಕಿದ ಮೇಲೆ ಬೆದರಿ ಎದ್ದು ಹೋದ್ಲು ಅಂದ್ರೆ ಮರಿಗಳು ಉಳಿಯಲ್ಲ."

"ಗಲಾಟೆ ಅಂದ್ರೆ?" ಎಂದರು ಮಾವ. ಅವರ ಮಟ್ಟಿಗೆ ಅದು ಮೆಲುದನಿಯೇ. ಗೋಡೆಯ ಮೇಲಿನ ತಟ್ಟೆ ಝಲ್ಲೆಂದಿತು.

ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ಅವರನ್ನೇ ನೋಡಿದರು. "ಅಂದ್ರೆ ಇದೇ."

ಈಗ ಅತ್ತೆಗೆ ಹೇಳಬೇಕಲ್ಲ. ಕೂಗುವಂತಿಲ್ಲ. ಮಾವ ಎದ್ದು ನಿಂತು, ಎರಡು ಕೈಯನ್ನೂ ಪಂಜದ ಹಾಗೆ ಎತ್ತಿ, ಹಲ್ಲು ಕಿರಿದು, ಮೈಯನ್ನು ಎಡಕ್ಕೂ ಬಲಕ್ಕೂ ತೂಗಿದರು. ಅತ್ತೆ ಗಾಬರಿಯಿಂದ, "ಭುಜ ಮತ್ತೆ ಹಿಡ್ಕೊಳ್ತಾ? ಎಣ್ಣೆ ಹಚ್ಲಾ?" ಎಂದು ಕೂಗಿದಳು. ಮಗ ನೆಲದತ್ತ ಕೈ ತೋರಿಸಿ, ಕಣ್ಣು ಮುಚ್ಚಿ ಗೊರಕೆ ಹೊಡೆಯುವವನಂತೆ ನಟಿಸಿದ. "ನೆಲದ ಮೇಲೆ ಯಾಕೋ ಮಲಗ್ತೀಯ, ಹಾಸಿಗೆ ಇಲ್ವಾ?" ಎಂದಳು. ಮೇಷ್ಟ್ರು ತಲೆ ಹಿಡಿದುಕೊಂಡರು.

ಬೇರೆ ದಾರಿ ಕಾಣದೆ ಗುಬ್ಬಿ ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು. ಮದುವೆಯಾದಾಗಿನಿಂದ ಅವಳು ಅತ್ತೆಗೆ ಅಷ್ಟು ಹತ್ತಿರ ಕೂತಿರಲಿಲ್ಲ. ತಲೆಗೂದಲನ್ನು ಮೆಲ್ಲಗೆ ಹಿಂದೆ ಸರಿಸಿ, ಅಷ್ಟಿಷ್ಟು ಕೇಳಿಸುತ್ತಿದ್ದ ಎಡಗಿವಿಗೆ ಬಾಯಿ ತಾಗುವಷ್ಟು ಹತ್ತಿರ ಹೋಗಿ, ತನ್ನ ಎಂದಿನ ದನಿಯಲ್ಲೇ ಹೇಳಿದಳು. "ಅತ್ತೆ, ನಮ್ಮ ನೆಲದಡೀಲಿ ದೊಡ್ಡಮ್ಮ ಬಂದು ಮಲಗಿದ್ದಾಳೆ. ಮರಿ ಹಾಕ್ತಾಳಂತೆ. ಓಡಿಸೋದಾ ಇಟ್ಕೊಳ್ಳೋದಾ ಅಂತ ಕೇಳ್ತಿದ್ದಾರೆ."

ಅತ್ತೆ ನಿಧಾನವಾಗಿ ಸೊಸೆಯ ಕಡೆ ತಿರುಗಿದಳು.

"ನಿನ್ನ ಮಾತು ಕೇಳಿಸ್ತು," ಎಂದಳು. "ಒಂದೊಂದು ಅಕ್ಷರಾನೂ ಕೇಳಿಸ್ತು."

ಆಮೇಲಷ್ಟೇ ಅವಳಿಗೆ ಕರಡಿಯ ನೆನಪಾದದ್ದು. "ಬಸುರಿ ಹೆಂಗಸನ್ನ ಈ ಚಳೀಲಿ ಹೊರಗೆ ಹಾಕೋದಾ? ಇರ್ಲಿ ಬಿಡಿ," ಎಂದು ಅವಳು ಗಟ್ಟಿಯಾಗಿ ತೀರ್ಪು ಕೊಟ್ಟಾಗ ನಾಲ್ಕೂ ಜನ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟರು.

ಹೀಗೆ ಆ ಮನೆಯ ಚಳಿಗಾಲ ಶುರುವಾಯಿತು. ತಗಡು ಇಟ್ಟು ಬಡಿಯುವ ಅಡಿಗಲ್ಲು, ಸುತ್ತಿಗೆ, ಕತ್ತರಿ ಎಲ್ಲವನ್ನೂ ಗಂಡ ಕೈಗಾಡಿಯಲ್ಲಿ ಹಾಕಿಕೊಂಡು ಹೋಗಿ ಮುಂದಿನ ಬೀದಿಯ ಮೋಟಾರು ಮೆಕ್ಯಾನಿಕ್ಕಿನ ಗ್ಯಾರೇಜಿನ ಮೂಲೆಯಲ್ಲಿ ಇಟ್ಟುಕೊಂಡ. ಗುಬ್ಬಿ ಹಳೆಯ ಸ್ವೆಟರುಗಳನ್ನು ಕತ್ತರಿಸಿ ಕುರ್ಚಿಗಳ ಕಾಲಿಗೆಲ್ಲ ಕಾಲುಚೀಲ ಹೊಲಿದಳು. ಹೊಲಿಗೆಯಂತ್ರದ ಕೆಳಗೆ ಕಂಬಳಿ ಮಡಿಸಿ ಹಾಕಿ ನೋಡಿದಳು. ಆದರೂ ಹಲಗೆ ನಡುಗುತ್ತಿತ್ತು. ಕೊನೆಗೆ ಅದನ್ನು ಮೂಲೆಗೆ ತಳ್ಳಿ ಕೈಹೊಲಿಗೆಗೆ ಕೂತಳು. ಪಾತ್ರೆಗಳ ನಡುವೆ ಬಟ್ಟೆಯ ಚೂರುಗಳು ಬಂದವು. ಮಾವನ ಸೀನು ಬೀದಿಗೇ ಪ್ರಸಿದ್ಧವಾದದ್ದು. ಮೂಗು ಕಡಿಯತೊಡಗಿದರೆ ಅವರು ಕಂಬಳಿ ಎಳೆದುಕೊಂಡು ಬಾಗಿಲಿಗೆ ಓಡಿ, ಗೇಟಿನಾಚೆ ಹೋಗಿ ಸೀನಿ ಬರುತ್ತಿದ್ದರು. ಬೀದಿಯವರೂ ತಾವಾಗಿಯೇ ಜೊತೆಗೂಡಿದರು. ಅಂಚೆಯವನು ಗಂಟೆ ಒತ್ತುವುದನ್ನು ಬಿಟ್ಟು ಕಿಟಕಿಗೆ ಬೆರಳಿನಿಂದ ತಟ್ಟುತ್ತಿದ್ದ. ಕ್ಷೌರದಂಗಡಿಯವರು ತಮ್ಮ ನಾಯಿಯನ್ನು ಆ ಚಳಿಗಾಲ ಮುಗಿಯುವವರೆಗೆ ಅಕ್ಕನ ಮನೆಗೆ ಕಳಿಸಿಬಿಟ್ಟರು.

ಕಷ್ಟವಾದದ್ದು ಅತ್ತೆಯದು. ತನ್ನ ದನಿ ಎಷ್ಟಿದೆಯೆಂದು ಅವಳಿಗೇ ತಿಳಿಯದು. ಅದಕ್ಕೆ ಉಪಾಯ ಮಾಡಿದವಳೂ ಗುಬ್ಬಿಯೇ. ಅತ್ತೆ ಮಾತಾಡುವಾಗ ಅವಳ ಮಣಿಕಟ್ಟು ಹಿಡಿದುಕೊಂಡಿರುತ್ತಿದ್ದಳು. ದನಿ ಏರಿದರೆ ಮೆತ್ತಗೆ ಒತ್ತುವುದು, ಸರಿಯಾಗಿದ್ದರೆ ಸುಮ್ಮನಿರುವುದು. ಮೊದಮೊದಲು ಒತ್ತಿದ್ದೇ ಒತ್ತಿದ್ದು. ಬರಬರುತ್ತಾ ಅತ್ತೆಗೆ ಹದ ಸಿಕ್ಕಿತು. ಕೈ ಮಾತ್ರ ಬಿಡಲಿಲ್ಲ.

ದಿನವೂ ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಇಬ್ಬರೂ ಒಲೆಯ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದರು. ಗುಬ್ಬಿ ಒಂದು ಕೈಯಲ್ಲಿ ಬಟ್ಟೆ ಹಿಡಿದು, ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟು, ಬೀದಿಯ ಸುದ್ದಿಯನ್ನೆಲ್ಲ ಹೇಳುವಳು. ಬೇಕರಿಯವನ ಮಗಳು ನೋಡಲು ಬಂದ ಮೂರನೇ ಗಂಡನ್ನೂ ಬೇಡ ಅಂದಳಂತೆ. ಮೆಕ್ಯಾನಿಕ್ಕು ಹೊಸ ಹಲ್ಲು ಕಟ್ಟಿಸಿಕೊಂಡು ಬಂದಿದ್ದಾನೆ, ಯಾರೂ ಏನೂ ಕೇಳದಿದ್ದರೂ ನಗುತ್ತಾನೆ. ಅತ್ತೆ ಬಿಸಿಲಿಗೆ ಮೈ ಕಾಯಿಸುವ ಬೆಕ್ಕಿನಂತೆ ಕಣ್ಣು ಮುಚ್ಚಿ ಕೇಳುವಳು.

"ಕೂಗಿದ್ರೆ ನನಗೆ ಬರೀ ಗುಡುಗು ಕೇಳಿಸುತ್ತೆ ಗುಬ್ಬಿ," ಎಂದು ಒಂದು ದಿನ ಹೇಳಿದಳು. "ಮಾತು ಒಡೆದು ಪುಡಿಯಾಗಿ ಬರುತ್ತೆ. ಅದನ್ನ ಜೋಡಿಸ್ಕೊಳ್ಳೋ ಅಷ್ಟರಲ್ಲಿ ನೀವೆಲ್ಲ ಮುಂದೆ ಹೋಗಿರ್ತೀರ. ಅದಕ್ಕೇ ಕೇಳಿಸಿದ ಹಾಗೆ ಇದ್ದುಬಿಡ್ತೀನಿ. ನೀವು ನಕ್ಕಾಗ ನಾನೂ ನಗ್ತೀನಿ. ಯಾಕೆ ನಕ್ಕೆ ಅಂತ ನನಗೆ ಗೊತ್ತಿರಲ್ಲ."

"ಎಷ್ಟು ದಿನದಿಂದ ಅತ್ತೆ?"

"ನಿನ್ನ ಗಂಡ ಶಾಲೆಗೆ ಹೋಗ್ತಿದ್ದಾಗಿಂದ."

ಗುಬ್ಬಿಯ ಸೂಜಿ ಮುಂದೆ ಹೋಗಲಿಲ್ಲ. ಅವಳಿಗೆ ಆ ಮನೆಯ ಊಟದ ಮೇಜು ಕಣ್ಣಮುಂದೆ ಬಂತು. ಎಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತಾ, ಸರಿಯಾದ ಹೊತ್ತಿಗೆ ನಗುವುದಕ್ಕಾಗಿ ಕಾಯುತ್ತಾ ಕೂತ ಹೆಂಗಸು.

ಚಳಿ ಬಲಿತು, ಕಿಟಕಿಯ ಗಾಜಿನ ಮೇಲೆ ಹಿಮ ಹೂ ಬಿಡುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯ ನೆಲ ಒರೆಸುತ್ತಿದ್ದ ಗುಬ್ಬಿ ಹಾಗೇ ನಿಂತುಬಿಟ್ಟಳು. ಕೆಳಗಿನಿಂದ ಏನೋ ಸದ್ದು. ಬಟ್ಟೆ ಬಿಟ್ಟು, ನೆಲಕ್ಕೆ ಕಿವಿಯಾನಿಸಿ ಮಲಗಿದಳು. ದೂರದಲ್ಲಿ ಎಲ್ಲೋ ಸಣ್ಣ ಮೋಟಾರು ಓಡುತ್ತಿರುವಂಥ ಗುಂಯ್‌ಗುಡುವ ದನಿ. ಒಂದು ನಿಂತರೆ ಇನ್ನೊಂದು ಶುರುವಾಗುತ್ತಿತ್ತು. ಮರಿಗಳು ಹಾಲು ಕುಡಿಯುವಾಗ ಹಾಗೆ ಹಾಡುತ್ತವೆಂದು ಮೇಷ್ಟ್ರು ಹೇಳಿದ್ದು ಅವಳಿಗೆ ನೆನಪಾಯಿತು. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಎಲ್ಲರನ್ನೂ ಕರೆತಂದಳು. ಗಂಡ, ಮಾವ ಇಬ್ಬರೂ ಅವಳ ಪಕ್ಕದಲ್ಲಿ ಉದ್ದಕ್ಕೆ ಮಲಗಿ ನೆಲಕ್ಕೆ ಕಿವಿ ಹಚ್ಚಿದರು. ಮಾವನ ಬಾಯಿ ಸಣ್ಣ ಮಗುವಿನದರಂತೆ ತೆರೆದುಕೊಂಡಿತು.

ಅತ್ತೆಯೂ ಕಷ್ಟಪಟ್ಟು ಮೊಳಕಾಲೂರಿ ಕೂತು ಹಲಗೆಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಎದ್ದಾಗ ಎಂದಿನಂತೆ ನಕ್ಕು ತಲೆಯಾಡಿಸಲಿಲ್ಲ. "ನನಗೇನೂ ಕೇಳಿಸ್ಲಿಲ್ಲ," ಎಂದಳು.

ಗುಬ್ಬಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಎಡಗಿವಿಯ ಹತ್ತಿರ ತುಟಿ ತಂದು, ಕೆಳಗಿನ ಆ ದನಿಯನ್ನು ಗಂಟಲಿನಲ್ಲೇ ತೆಗೆದು ತೋರಿಸಿದಳು. ಏರುವುದು, ಇಳಿಯುವುದು, ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲುವುದು, ಮತ್ತೆ ಶುರುವಾಗುವುದು. ಅತ್ತೆ ಅವಳ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಎರಡಿದ್ದಾವೆ ಅಲ್ವಾ?" ಎಂದಳು ಆಮೇಲೆ. ಎರಡೇ ಇದ್ದವು.

ಅದಾದ ಮೇಲೆ ಅತ್ತೆಗೆ ಒಂದು ಆಸೆ ಹತ್ತಿತು. ತಾನು ಸುಮ್ಮನೆ ನಕ್ಕ ಮಾತುಗಳನ್ನೆಲ್ಲ ಈಗ ಕೇಳಬೇಕು. ಗುಬ್ಬಿ ಬಂದ ಮೇಲಿನವು ಅವಳಿಗೆ ಗೊತ್ತಿದ್ದವು. ಒಂದೊಂದಾಗಿ ಹೇಳಿದಳು. ಅತ್ತೆ ಕೆಲವಕ್ಕೆ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕಳು, ಕೆಲವಕ್ಕೆ "ಇಷ್ಟಕ್ಕೇ ನಕ್ನಾ?" ಎಂದು ಮೂಗು ಮುರಿದಳು.

"ನಿನ್ನ ಮದುವೆ ಊಟದಲ್ಲಿ ನಿಮ್ಮ ಮಾವ ಎದ್ದು ನಿಂತು ಏನೋ ಅಂದ್ರಲ್ಲ," ಎಂದು ಒಂದು ಮಧ್ಯಾಹ್ನ ಕೇಳಿದಳು. "ಎಲ್ಲಾರೂ ಬಿದ್ದು ಬಿದ್ದು ನಕ್ರು. ನನ್ನ ಕಣ್ಣಲ್ಲೂ ನೀರು ಬಂತು. ಏನದು?"

ಗುಬ್ಬಿಗೆ ಆ ಮಾತು ಚೆನ್ನಾಗಿ ನೆನಪಿತ್ತು. ನೆನಪಿಲ್ಲ ಎಂದುಬಿಡಬಹುದಿತ್ತು, ಬೇರೆ ಏನನ್ನಾದರೂ ಕಟ್ಟಿ ಹೇಳಬಹುದಿತ್ತು. ಆದರೆ ಅತ್ತೆ ಕಣ್ಣು ಮುಚ್ಚಿ, ಕಿವಿಯನ್ನು ಇತ್ತ ವಾಲಿಸಿ, ನಗಲು ತಯಾರಾಗಿ ಕೂತಿದ್ದಳು. ಈ ಕಿವಿಗೆ ಸುಳ್ಳು ಹೇಳಲು ಗುಬ್ಬಿಗೆ ಮನಸ್ಸು ಬರಲಿಲ್ಲ.

"ನನ್ನ ಹೆಂಡ್ತಿ ಕಿವಿ ಕೆಟ್ಟಿದ್ದು ನನ್ನ ಪುಣ್ಯ. ಕೇಳಿಸ್ತಿದ್ದಿದ್ರೆ ಯಾವತ್ತೋ ಬಿಟ್ಟು ಹೋಗ್ತಿದ್ಲು. ಹಾಗಂದ್ರು ಅತ್ತೆ."

ಅತ್ತೆ ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಬೆರಳಿನಿಂದ ನೀವುತ್ತಾ ಕೂತಳು.

"ನೀನೂ ನಕ್ಯಾ?"

"ನಕ್ಕೆ ಅತ್ತೆ. ನೀವೂ ನಗ್ತಿದ್ರಿ. ಕೇಳಿಸಿದೆ ಅಂದ್ಕೊಂಡೆ."

"ಹೂಂ," ಎಂದಳು ಅತ್ತೆ. "ನಾನೂ ನಗ್ತಿದ್ದೆ."

ಸಂಜೆ ಎಲ್ಲರೂ ಸೂಪಿನ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಾಗ ಅತ್ತೆ ಚಮಚ ಕೆಳಗಿಟ್ಟಳು. ಗುಬ್ಬಿ ಅಭ್ಯಾಸಬಲದಿಂದ ಅವಳ ಮಣಿಕಟ್ಟು ಹಿಡಿದಳು.

"ನನ್ನ ಕಿವಿ ಕೆಟ್ಟಿದ್ದು ನಿಮ್ಮ ಪುಣ್ಯಾನಾ?"

ಮಾವ ಚಮಚ ಬಾಯಲ್ಲಿಟ್ಟುಕೊಂಡೇ ಸೊಸೆಯ ಮುಖ ನೋಡಿದರು. ಗುಬ್ಬಿ ತಲೆ ತಗ್ಗಿಸಿದಳು.

"ಅಷ್ಟು ಜನರ ಮುಂದೆ ಅಂದ್ರಲ್ಲ. ನಾನು ಹುಚ್ಚಿ ಥರ ನಗ್ತಾ ಕೂತಿದ್ದೆನಲ್ಲ," ಅತ್ತೆಯ ದನಿ ಏರಿತು. ಗುಬ್ಬಿ ಒತ್ತಿದಳು. "ಕೈ ಬಿಡು ಗುಬ್ಬಿ," ಎಂದು ಅತ್ತೆ ಕೈ ಕೊಸರಿಕೊಂಡು ಮೇಜಿಗೆ ಬಡಿದಳು. ಬಟ್ಟಲುಗಳು ಕುಣಿದವು.

ಅಷ್ಟರಲ್ಲಿ ಕಾಲ ಕೆಳಗೆ ಹಲಗೆಗೆ ಏನೋ ಭಾರವಾದದ್ದು ಉಜ್ಜಿತು. ದೊಡ್ಡದೊಂದು ಮೈ ಮಗ್ಗುಲಾದ ಸದ್ದು. ಆಮೇಲೆ ಬುಸ್ಸೆಂದು ಬಿಟ್ಟ ಉಸಿರು. ಗಂಡ ಕುರ್ಚಿಯ ತುದಿಗೆ ಬಂದ. ಅತ್ತೆಗೆ ಸದ್ದು ಕೇಳಿಸದಿದ್ದರೂ ಅಂಗಾಲಿಗೆ ಹಲಗೆ ಅದುರಿದ್ದು ತಿಳಿಯಿತು. ಅವಳು ಕೆಳಗೆ ನೋಡಿದಳು. ಒಂದಿಷ್ಟು ಹೊತ್ತಿನ ಮೇಲೆ ಕೆಳಗಿನ ಅಲುಗಾಟ ನಿಂತಿತು.

ಮತ್ತೆ ಮಾತಾಡಿದಾಗ, ಯಾರೂ ಮಣಿಕಟ್ಟು ಹಿಡಿಯದೆಯೇ, ಅವಳ ದನಿ ಕೆಳಗಿತ್ತು. ಆ ದನಿಯನ್ನು ಮನೆಯವರಾರೂ ಅಲ್ಲಿಯವರೆಗೆ ಕೇಳಿರಲಿಲ್ಲ.

"ನಿಮ್ಮ ಪಕ್ಕ ನಿಂತು ತಗಡು ಹಿಡ್ಕೊಂಡೇ ನನ್ನ ಕಿವಿ ಹೋಗಿದ್ದು," ಎಂದಳು. "ಆಗ ಆಳಿಡೋ ಶಕ್ತಿ ಇರ್ಲಿಲ್ಲ. ಮಗೂನ ತೊಟ್ಟಿಲಲ್ಲಿ ಹಾಕಿ ಬಂದು ನಿಂತ್ಕೊತಿದ್ದೆ. ನೀವು ಬಡೀತಿದ್ರಿ, ನಾನು ಹಿಡ್ಕೊತಿದ್ದೆ. ಬಿಟ್ಟು ಹೋಗೋಳಾಗಿದ್ರೆ ಕೇಳಿಸ್ತಿದ್ದಾಗಲೇ ಹೋಗ್ತಿರ್ಲಿಲ್ವಾ?"

ಮಾವ ಇಷ್ಟು ವರ್ಷ ಯಾವ ಮಾತು ಬಂದರೂ ಅದಕ್ಕಿಂತ ಜೋರಾದ ಮಾತಾಡಿ ಗೆದ್ದವರು. ಈಗ ಆ ಆಯುಧ ಇರಲಿಲ್ಲ. ಕುರ್ಚಿ ಹಿಂದೆ ಸರಿಸಿ ಎದ್ದರು. ಮೇಜು ಸುತ್ತಿ ಬಂದು, ನೋವಿನ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಹೆಂಡತಿಯ ಪಕ್ಕ ಮೊಳಕಾಲೂರಿ ಕೂತರು. ಗುಬ್ಬಿ ಮಾಡುತ್ತಿದ್ದ ಹಾಗೆಯೇ ಅವಳ ಕೂದಲನ್ನು ಹಿಂದಕ್ಕೆ ಸರಿಸಿ, ಕಿವಿಯ ಹತ್ತಿರ ಬಾಯಿಟ್ಟು ಮಾತಾಡತೊಡಗಿದರು.

ಏನು ಹೇಳಿದರೋ, ಎದುರಿಗೇ ಕೂತ ಮಗನಿಗೂ ಸೊಸೆಗೂ ಒಂದಕ್ಷರ ಕೇಳಿಸಲಿಲ್ಲ. ಒಂದೆರಡು ಮಾತಿಗೆ ಮುಗಿಯುವಂಥದ್ದಲ್ಲ, ತುಂಬ ಹೊತ್ತು ಹೇಳಿದರು. ನಡುವೆ ಒಮ್ಮೆ ಅತ್ತೆ "ಅದು ನನಗೆ ಗೊತ್ತಿತ್ತು" ಎಂದಳು. ಇನ್ನೊಮ್ಮೆ "ಅದು ಗೊತ್ತಿರ್ಲಿಲ್ಲ" ಎಂದಳು. ಗಂಡ ಗುಬ್ಬಿಗೆ ಕಣ್ಸನ್ನೆ ಮಾಡಿದ. ಇಬ್ಬರೂ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಅಲ್ಲೇ ನಿಂತುಕೊಂಡು ಊಟ ಮುಗಿಸಿದರು.

ಮಾರನೆಯ ದಿನದಿಂದ ಒಲೆಯ ಪಕ್ಕದ ಬೆಂಚಿಗೆ ಪಾಳಿ ಬಂತು. ಮಧ್ಯಾಹ್ನ ಗುಬ್ಬಿಯದು, ಸಂಜೆ ಮಾವನದು. ಊಟವಾದ ಮೇಲೆ ಮಗನೂ ಒಮ್ಮೊಮ್ಮೆ ತಾಯಿಯ ಹತ್ತಿರ ಹೋಗಿ ಕೂರುತ್ತಿದ್ದ. ದೊಡ್ಡ ಗಂಡಸು, ಅಮ್ಮನ ಕಿವಿಯಲ್ಲಿ ಬಾಯಿಟ್ಟು ಗ್ಯಾರೇಜಿನ ಕತೆ ಹೇಳುವುದನ್ನು ನೋಡಿದರೆ ಗುಬ್ಬಿಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತಿತ್ತು. ಗಂಡ ಹೆಂಡತಿಯ ನಡುವೆ ಮಾತು ಬೆಳೆದದ್ದೂ ಆ ಚಳಿಗಾಲದಲ್ಲೇ. ಕಂಬಳಿಯೊಳಗೆ ತಲೆ ಮುಚ್ಚಿಕೊಂಡು, ಶಾಲೆಯ ಮಕ್ಕಳಂತೆ ಗುಸುಗುಸು ಮಾತಾಡುತ್ತಾ ನಿದ್ದೆ ಹೋಗುತ್ತಿದ್ದರು.

ಹಿಮ ಕರಗಿ ಸೂರಿನ ದೋಣಿಗಳಲ್ಲಿ ನೀರು ಹರಿಯತೊಡಗಿದ ಒಂದು ಬೆಳಿಗ್ಗೆ ಹಿತ್ತಿಲ ಸಣ್ಣ ಬಾಗಿಲಿನಿಂದ ದೊಡ್ಡಮ್ಮ ಹೊರಗೆ ಬಂದಳು. ಅರ್ಧದಷ್ಟು ಇಳಿದುಹೋಗಿದ್ದಳು. ತೊಗಲು ಸಡಿಲವಾದ ಕೋಟಿನಂತೆ ಜೋತಾಡುತ್ತಿತ್ತು. ಬಿಸಿಲಿಗೆ ಮೂಗೆತ್ತಿ ನಿಂತಳು. ಹಿಂದಿನಿಂದ ಎರಡು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ಬಂದವು. ಮನೆಯವರು ನಾಲ್ವರೂ ಅಡುಗೆಮನೆಯ ಕಿಟಕಿಗೆ ಅಂಟಿಕೊಂಡಿದ್ದರು. ಅಕ್ಕಪಕ್ಕದ ಮನೆಗಳ ಕಿಟಕಿಗಳಲ್ಲೂ ಮುಖಗಳು. ಒಂದು ಮರಿ ತಗಡಿನ ಚೂರುಗಳ ರಾಶಿಗೆ ಹೋಗಿ ಒಂದು ಹಳೆಯ ಲಾಳಿಕೆಯೊಳಗೆ ಮೂತಿ ತೂರಿಸಿ ಸಿಕ್ಕಿಹಾಕಿಕೊಂಡಿತು. ಅದನ್ನು ಮೂಗಿಗೆ ಹಾಕಿಕೊಂಡೇ ಸುತ್ತು ಸುತ್ತು ಓಡಿತು. ದೊಡ್ಡಮ್ಮ ಒಂದು ಏಟು ಕೊಟ್ಟಳು. ಲಾಳಿಕೆ ಹಾರಿ ಷೆಡ್ಡಿನ ಬಾಗಿಲಿಗೆ ಬಡಿದು ಠಣ್ಣೆಂದಿತು.

ಅತ್ತೆ ನಕ್ಕಳು. ಯಾರ ಮುಖವನ್ನೂ ನೋಡದೆ, ಎಲ್ಲರಿಗಿಂತ ಮೊದಲು ನಕ್ಕಳು.

ದೊಡ್ಡಮ್ಮ ಮರಿಗಳನ್ನು ಮುಂದಿಟ್ಟುಕೊಂಡು ಗೋಡೆಯ ಕಡೆ ನಡೆದಳು. ಒಂದನ್ನು ಬಾಯಲ್ಲಿ ಕಚ್ಚಿ ಆಚೆ ಇಳಿಸಿದಳು. ಇನ್ನೊಂದು ತಾನೇ ಹತ್ತಲು ಹಟ ಹಿಡಿದು ಎರಡು ಸಲ ಬಿದ್ದು ಮೂರನೇ ಸಲ ದಾಟಿತು. ತಾಯಿ, ಮರಿಗಳು ಹೋದ ಮೇಲೂ ಕಿಟಕಿಯ ಹತ್ತಿರ ನಿಂತವರು ಸುಮಾರು ಹೊತ್ತು ಪಿಸುಗುಟ್ಟುತ್ತಲೇ ಇದ್ದರು. ಇನ್ನು ಗಟ್ಟಿಯಾಗಿ ಮಾತಾಡಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆಯಲು ಬಹಳ ದಿನ ಬೇಕಾಗಲಿಲ್ಲ. ಮೇಷ್ಟ್ರು ಬಂದು, ಮುಂದಿನ ವರ್ಷ ಹೀಗಾಗುವುದು ಬೇಡವೆಂದು ನೆಲದಡಿಯ ಬಾಗಿಲಿಗೆ ಗಟ್ಟಿ ತಗಡು ಹೊಡೆಸಿದರು. ಅದನ್ನು ಬಡಿದವನು ಗಂಡನೇ. ಸುತ್ತಿಗೆ, ಅಡಿಗಲ್ಲು ಷೆಡ್ಡಿಗೆ ವಾಪಸು ಬಂದವು. ಮಾವನ ಭುಜ ಸರಿಹೋಯಿತು. ಕುರ್ಚಿಗಳ ಕಾಲುಚೀಲ ಸವೆದು ಒಂದೊಂದಾಗಿ ಕಳಚಿದವು, ಗುಬ್ಬಿ ಮತ್ತೆ ಹೊಲಿಯಲಿಲ್ಲ. ಬೇಸಗೆಯ ಹೊತ್ತಿಗೆ ಆ ಮನೆಯಿಂದ "ಉಪ್ಪು" ಎನ್ನುವ ಕೂಗು ಮತ್ತೆ ಮೂರನೇ ಮನೆಗೆ ಕೇಳಿಸುತ್ತಿತ್ತು. ಗುಬ್ಬಿಗೆ ಮಕ್ಕಳಾದವು. ಆ ಮಕ್ಕಳೂ ತಗಡಿನವರ ಗಂಟಲನ್ನೇ ಪಡೆದುಕೊಂಡು ಬಂದವು. ಬೆಂಚಿನ ಮೇಲೆ ಕೂರಲು ಗುಬ್ಬಿಗೆ ಮೊದಲು ದಿನವೂ ಬಿಡುವಾಗುತ್ತಿತ್ತು, ಆಮೇಲೆ ವಾರಕ್ಕೊಮ್ಮೆ. ಮಾವ ಮಾತ್ರ ಸಂಜೆಯ ಪಾಳಿಯನ್ನು ಕೊನೆಯವರೆಗೆ ತಪ್ಪಿಸಲಿಲ್ಲ. ಬಾಗಿಲಿನಿಂದಲೇ ಸೊಸೆಗೆ, ಮಕ್ಕಳಿಗೆ ಕೂಗಿಕೊಂಡು ಬಂದವರು, ಬೆಂಚಿನ ಹತ್ತಿರ ಬಂದೊಡನೆ ಬೇರೆ ಮನುಷ್ಯರಾಗುತ್ತಿದ್ದರು.

ದೊಡ್ಡಮ್ಮ ಮುಂದಿನ ಕೆಲವು ವರ್ಷ ಸೇಬಿಗೆ ಬಂದಳು. ಹಿತ್ತಿಲಿಗೂ ಬಂದು ಹೊಸ ತಗಡನ್ನು ಮೂಸಿ ನೋಡಿ ಹೋಗುತ್ತಿದ್ದಳು. ಒಂದು ವರ್ಷ ಬರಲಿಲ್ಲ. ಅದಕ್ಕೂ ಮುಂಚೆಯೇ ಅತ್ತೆ ತೀರಿಕೊಂಡಿದ್ದಳು. ಕೊನೆಯ ದಿನಗಳಲ್ಲಿ ಎಡಗಿವಿಯೂ ಪೂರ್ತಿ ಹೋಗಿತ್ತು. ಆದರೂ ಗುಬ್ಬಿ ಹತ್ತಿರ ಕೂತು ಬಾಗಿದರೆ ಸಾಕು, ಅತ್ತೆ ಅಭ್ಯಾಸದಂತೆ ತಲೆಯನ್ನು ಅವಳ ಭುಜಕ್ಕೆ ಒರಗಿಸುತ್ತಿದ್ದಳು. ಗುಬ್ಬಿ ಬೀದಿಯ ಸುದ್ದಿ ಹೇಳುತ್ತಿದ್ದಳು, ಕೇಳಿಸುತ್ತಿಲ್ಲವೆಂದು ಗೊತ್ತಿದ್ದೂ.

ಈಗ ಆ ಬೀದಿಯಲ್ಲಿ ಸೇಬಿನ ಮರವಿಲ್ಲ. ಕರಡಿ ಬರುತ್ತದೆಂದು ಎಲ್ಲರ ಹಣ್ಣಿನ ಮರಗಳನ್ನೂ ಕಡಿಸಿದ್ದಾರೆ. ಕುಳ್ಳು ಗೋಡೆಯ ಜಾಗದಲ್ಲಿ ಎತ್ತರದ ತಂತಿಬೇಲಿಯಿದೆ. ಆದರೂ ಕರಡಿಗಳು ಬರುತ್ತವೆ, ಮನೆಮನೆಯ ಕ್ಯಾಮೆರಾಗಳಲ್ಲಿ ಕಾಣಿಸಿಕೊಳ್ಳುತ್ತವೆ, ಎಲ್ಲರ ಫೋನಿಗೂ ಸುದ್ದಿ ಹೋಗುತ್ತದೆ. ಯಾವುದು ಯಾವ ಕರಡಿ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಹೋದ ಚಳಿಗಾಲದ ಶುರುವಿನಲ್ಲಿ ಪಕ್ಕದ ಹೊಸ ಮನೆಯ ಹುಡುಗಿ ಗುಬ್ಬಿಯ ಬಾಗಿಲು ತಟ್ಟಿದಳು. ಮೂರು ಸಣ್ಣ ಮಕ್ಕಳ ತಾಯಿ. "ಆಂಟಿ, ನಮ್ಮ ಜಗಲಿ ಕೆಳಗೆ ಕರಡಿ ಮಲಗಿದೆ. ನಿಮ್ಮ ಮನೇಲೂ ಒಂದ್ಸಲ ಹೀಗೇ ಆಗಿತ್ತಂತಲ್ಲ. ನೀವೇನು ಮಾಡಿದ್ರಿ?"

ಗುಬ್ಬಿ ಒಂದು ಕ್ಷಣ ಅವಳ ಮುಖ ನೋಡಿದಳು. ಆ ಹುಡುಗಿ ನಡುಗುತ್ತಿದ್ದಳು.

"ಇಲಾಖೆಯವರಿಗೆ ಫೋನ್ ಮಾಡಮ್ಮ," ಎಂದಳು. "ಬರ್ತಾರೆ. ಅಲ್ಲಿವರ್ಗೂ ಮಕ್ಕಳನ್ನ ಕರ್ಕೊಂಡು ಇಲ್ಲೇ ಬಂದಿರು."

ಅಂದೇ ಅವರು ಬಂದರು. ಪಟಾಕಿಯಂಥದ್ದೇನೋ ಸಿಡಿಸಿ ಅದನ್ನು ಎಬ್ಬಿಸಿ ಬೇಲಿಯ ಬಾಗಿಲಿನಿಂದ ಗುಡ್ಡದ ಕಡೆಗೆ ಓಡಿಸಿದರು. ಎಳೆಯ ಗಂಡು ಕರಡಿ, ಇನ್ನೂ ಚಳಿ ಬಲಿತಿಲ್ಲ, ಬೇರೆ ಜಾಗ ಹುಡುಕಿಕೊಳ್ಳುತ್ತದೆ ಎಂದರು. ತಪ್ಪೆಂದು ಗುಬ್ಬಿಗೂ ಅನಿಸಲಿಲ್ಲ. ಮಕ್ಕಳು ಅವಳ ಅಡುಗೆಮನೆಯಲ್ಲಿ ಬಿಸ್ಕತ್ತು ತಿಂದು, ಒಬ್ಬರ ಮೇಲೊಬ್ಬರು ಬಿದ್ದು ಕಿರುಚಾಡಿ, ಸಂಜೆಗೆ ಮನೆಗೆ ಹೋದರು.

ಗಂಡ ಷೆಡ್ಡಿನಿಂದ ಬಂದು ಕೈತೊಳೆದು ಕೂತ. ಅವನಿಗೂ ಈಗ ಅಮ್ಮನ ಹಾಗೆಯೇ ಕಿವಿ. ಪಕ್ಕದ ಮನೆಯ ಗದ್ದಲ ಯಾವುದೂ ಅವನಿಗೆ ತಲುಪಿರಲಿಲ್ಲ. "ಏನು ವಿಷಯ ಇವತ್ತು?" ಎಂದು ಕೂಗಿದ.

ಗುಬ್ಬಿ ಚಹಾದ ಲೋಟ ಕೊಟ್ಟು, ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. ಹುಡುಗಿ ಬಾಗಿಲು ತಟ್ಟಿದ್ದರಿಂದ ಹಿಡಿದು, ಆ ಎಳೆಯ ಕರಡಿ ಬೇಲಿಯಾಚೆ ನಿಂತು ಒಮ್ಮೆ ಮೈ ಕೊಡವಿಕೊಂಡು ಮರಗಳೊಳಗೆ ಹೋದದ್ದರವರೆಗೆ ಎಲ್ಲವನ್ನೂ ಹೇಳಿದಳು. ಹೊರಗೆ ಕತ್ತಲಾಗುತ್ತಿತ್ತು. ಎದ್ದು ದೀಪ ಹಾಕುವುದು ಇಬ್ಬರಿಗೂ ಬೇಡವಾಗಿತ್ತು.